ಮಹೇಶ್ವರನಿಗೆ ಎಂಟು

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಕಲಿಯುವ ಹುಡುಗರು ಬಾಯಿಪಾಠ ಮಾಡುವ ಒಂದು ಲೆಕ್ಕವಿದೆ. ಜಗತ್ತಿನಲ್ಲಿರುವ ಗುಣಗಳು ಒಟ್ಟು 24. ಅವುಗಳಲ್ಲಿ ಯಾವ ದ್ರವ್ಯಕ್ಕೆ ಎಷ್ಟು ಎಂಬುದು ಆ ಲೆಕ್ಕ. ಭೂಮಿಗೆ 14, ನೀರಿಗೆ 14, ಬೆಂಕಿಗೆ 11, ಗಾಳಿಗೆ 9. ನಮ್ಮ ನಿಮ್ಮಂಥ ಜೀವರಿಗೂ 14. ಮಹೇಶ್ವರನಿಗೆ 8.

ಮೊದಲ ಸಲ ಇದನ್ನು ಕೇಳಿದವರಿಗೆ ಸಣ್ಣ ನಗು ಬರುತ್ತದೆ. ದೇವರೆಂದರೆ ಅನಂತ ಗುಣಗಳ ಗಣಿ ಎಂದು ಕೇಳಿ ಬೆಳೆದ ಕಿವಿಗೆ ಎಂಟು ಎಂಬುದು ತೀರ ಜಿಪುಣ ಲೆಕ್ಕ. ಮಣ್ಣಿನ ಹೆಂಟೆಗಿಂತ ಆರು ಕಡಿಮೆ! ಆದರೆ ಲೆಕ್ಕ ಹಾಕಿದವರು ತಮಾಷೆ ಮಾಡುತ್ತಿರಲಿಲ್ಲ. ಸಂಖ್ಯೆ, ಪರಿಮಾಣ, ಬೇರೆಯಾಗಿರುವಿಕೆ, ಸಂಯೋಗ, ವಿಭಾಗ ಈ ಐದು ಯಾವ ದ್ರವ್ಯಕ್ಕಾದರೂ ಇರಲೇಬೇಕು. ಅದರ ಮೇಲೆ ದೇವರಿಗೆ ಜ್ಞಾನ, ಇಚ್ಛೆ, ಪ್ರಯತ್ನ. ಜೀವನಿಗಿರುವ ಸುಖ, ದುಃಖ, ದ್ವೇಷ, ಧರ್ಮ, ಅಧರ್ಮ, ಸಂಸ್ಕಾರ ಈ ಆರು ಅವನಿಗಿಲ್ಲ. ಸಂಸ್ಕಾರವೆಂದರೆ ಇಲ್ಲಿ ಅನುಭವ ಬಿಟ್ಟುಹೋಗುವ ಗುರುತು, ನೆನಪಿನ ಬೀಜ. ಎಲ್ಲವನ್ನೂ ಸದಾ ಕಾಣುತ್ತಿರುವವನಿಗೆ ನೆನಪು ಏಕೆ? ಮರೆಯುವವನಿಗಷ್ಟೇ ನೆನಪು ಬೇಕು.

ದೇವರ ಇರವನ್ನು ಹೀಗೆ ತರ್ಕದ ಕೋಷ್ಟಕದೊಳಗೆ ಕೂರಿಸಬಹುದೇ? ಈ ಪ್ರಶ್ನೆಯ ಮೇಲೆ ನಮ್ಮಲ್ಲಿ ಸಾವಿರ ವರ್ಷಕ್ಕೂ ಮಿಕ್ಕು ಜಗಳ ನಡೆದಿದೆ. ಜಗಳ ಆಸ್ತಿಕರಿಗೂ ನಾಸ್ತಿಕರಿಗೂ ನಡೆಯಿತೆಂದು ಭಾವಿಸುವುದು ವಾಡಿಕೆ. ಗ್ರಂಥಗಳನ್ನು ತೆರೆದು ನೋಡಿದರೆ ಪಂಕ್ತಿಗಳು ಬೇರೆಯೇ ಆಗಿವೆ. ತರ್ಕದಿಂದ ದೇವರು ಸಿದ್ಧನಾಗುವುದಿಲ್ಲ ಎಂದವರ ಸಾಲಿನಲ್ಲಿ ಬೌದ್ಧರೂ ಜೈನರೂ ಇರುವಂತೆಯೇ ವೇದನಿಷ್ಠ ಮೀಮಾಂಸಕರಿದ್ದಾರೆ, ಶಂಕರರಿದ್ದಾರೆ, ರಾಮಾನುಜರಿದ್ದಾರೆ, ಮಧ್ವರಿದ್ದಾರೆ. ಎದುರಿನ ಸಾಲಿನಲ್ಲಿ ಬಹುಮಟ್ಟಿಗೆ ಒಬ್ಬಂಟಿಯಾಗಿ ನಿಂತವರು ನೈಯಾಯಿಕರು. ಹೀಗೇಕಾಯಿತು ಎಂಬುದೇ ಈ ಬರಹದ ವಿಷಯ.

ಮೊದಲು ಪೆಟ್ಟಿಗೆಗಳ ಮಾತು. ವೈಶೇಷಿಕರು ಇರುವುದನ್ನೆಲ್ಲ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರು ಪದಾರ್ಥಗಳಾಗಿ ವಿಂಗಡಿಸಿದರು. ಮುಂದೆ ಅಭಾವ ಸೇರಿ ಏಳಾಯಿತು. ದ್ರವ್ಯಗಳು ಒಂಬತ್ತು: ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಈ ಪಟ್ಟಿಯಲ್ಲಿ ದೇವರಿಗೆಂದು ಪ್ರತ್ಯೇಕ ಮನೆಯಿಲ್ಲ. ಕಣಾದನ ಸೂತ್ರಗಳಲ್ಲಿ ಈಶ್ವರನ ಹೆಸರೇ ಸ್ಪಷ್ಟವಾಗಿ ಬರುವುದಿಲ್ಲ. ಸುಮಾರು 6ನೆಯ ಶತಮಾನದ ಪ್ರಶಸ್ತಪಾದನ ಹೊತ್ತಿಗೆ ಸೃಷ್ಟಿ ಪ್ರಳಯಗಳನ್ನು ನಡೆಸುವ ಮಹೇಶ್ವರ ಬಂದು ಕೂತಿದ್ದಾನೆ. ಗೌತಮನ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಅವನನ್ನು ಎಂಟನೆಯ ದ್ರವ್ಯವಾದ ಆತ್ಮದೊಳಗೆ ಸೇರಿಸಿದ. ಗುಣಗಳಿಂದ ವಿಶಿಷ್ಟನಾದ ಇನ್ನೊಬ್ಬ ಆತ್ಮ ಅವನು. 17ನೆಯ ಶತಮಾನದಲ್ಲಿ ಅನ್ನಂಭಟ್ಟ ಬರೆದ 'ತರ್ಕಸಂಗ್ರಹ' ಇದನ್ನೇ ಮಕ್ಕಳಿಗೆ ಹೇಳಿಕೊಡುತ್ತದೆ: ಆತ್ಮ ಎರಡು ಬಗೆ, ಜೀವಾತ್ಮ ಮತ್ತು ಪರಮಾತ್ಮ. ಪರಮಾತ್ಮ ಒಬ್ಬನೇ, ಜೀವಾತ್ಮ ದೇಹದೇಹಕ್ಕೆ ಬೇರೆ.

ಅಂದರೆ ನೈಯಾಯಿಕರ ದೇವರು ಜಗತ್ತಿನ ಆಚೆಗಿನ ರಹಸ್ಯವಲ್ಲ. ನಾವು ಕೂತಿರುವ ಸಾಲಿನಲ್ಲೇ ಕೂತಿರುವ, ಆದರೆ ದೇಹವಿಲ್ಲದ, ತಪ್ಪದ, ದಣಿಯದ ಒಬ್ಬ. ಅವನು ಇದ್ದಾನೆನ್ನುವುದಕ್ಕೆ ಅವರು ಕೊಟ್ಟ ಪುರಾವೆಯೂ ಅಷ್ಟೇ ಮನೆಮಟ್ಟದ್ದು. ಮಡಕೆ ಇದ್ದರೆ ಕುಂಬಾರನಿರಬೇಕು. ಮಡಕೆ ಒಂದು ಕಾರ್ಯ, ಎಂದರೆ ಹಿಂದೆ ಇಲ್ಲದಿದ್ದು ಆಮೇಲೆ ಉಂಟಾದದ್ದು. ಭೂಮಿ, ಮೊಳಕೆ ಮೊದಲಾದವೂ ಕಾರ್ಯಗಳೇ. ಆದ್ದರಿಂದ ಅವುಗಳಿಗೂ ತಿಳಿದು ಮಾಡಿದ ಒಬ್ಬ ಕರ್ತೃ ಇರಬೇಕು. ಮೊಳಕೆಯನ್ನು ಮಾಡುವವನಿಗೆ ಅದರ ಕಣಕಣವೂ ತಿಳಿದಿರಬೇಕಾದ್ದರಿಂದ ಅವನು ಸರ್ವಜ್ಞ. ಹತ್ತು ಜನ ಕರ್ತೃಗಳನ್ನು ಊಹಿಸುವುದಕ್ಕಿಂತ ಒಬ್ಬನನ್ನು ಊಹಿಸುವುದು ಹಗುರ, ಆದ್ದರಿಂದ ಒಬ್ಬನೇ.

ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವ ಹಳೆಯ ಉದಾಹರಣೆಯ ಅಚ್ಚಿನಲ್ಲೇ ಇದನ್ನು ಎರಕ ಹೊಯ್ದಿದ್ದಾರೆ. ಅಡುಗೆಮನೆಯಲ್ಲಿ ಹೊಗೆ ಇದ್ದಲ್ಲಿ ಬೆಂಕಿ ಇರುವುದನ್ನು ಕಂಡಿದ್ದೇವೆ, ಆದ್ದರಿಂದ ಬೆಟ್ಟದಲ್ಲೂ. ಎಲ್ಲವೂ ನಿಂತಿರುವುದು ವ್ಯಾಪ್ತಿಯ ಮೇಲೆ, ಎಂದರೆ ಹೊಗೆ ಬೆಂಕಿಯನ್ನು ಬಿಟ್ಟಿರುವುದಿಲ್ಲ ಎಂಬ ಕಟ್ಟಿನ ಮೇಲೆ. ಕಾರ್ಯವಾಗಿರುವುದು ಕರ್ತೃವನ್ನು ಬಿಟ್ಟಿರುವುದಿಲ್ಲ ಎಂಬ ಕಟ್ಟು ಅಷ್ಟು ಗಟ್ಟಿಯೇ?

ಗಟ್ಟಿಯಲ್ಲ ಎಂದು ತೋರಿಸಲು 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಒಂದು ಹುತ್ತವನ್ನು ಮುಂದಿಟ್ಟ. ಮಡಕೆ ಮಣ್ಣಿನ ಒಂದು ಆಕಾರ. ಅದನ್ನು ಮಾಡಿದವನು ಕುಂಬಾರ. ಹುತ್ತವೂ ಮಣ್ಣಿನ ಒಂದು ಆಕಾರವೇ. ಹಾಗಾದರೆ ಅದನ್ನೂ ಕುಂಬಾರನೇ ಮಾಡಿರಬೇಕಲ್ಲವೇ? ನಮ್ಮ ಹಳ್ಳಿಗಾಡಿನಲ್ಲಿ ಹುತ್ತ ಕಂಡ ಯಾರೂ ಹಾಗೆ ಹೇಳುವುದಿಲ್ಲ. ಧರ್ಮಕೀರ್ತಿಯ ಕಣ್ಣು ಇರುವುದು ಪದದ ಮೇಲೆ. 'ಆಕಾರ' ಎಂಬ ಒಂದೇ ಪದ ಎರಡಕ್ಕೂ ಅನ್ವಯಿಸುತ್ತದೆ ಎಂದ ಮಾತ್ರಕ್ಕೆ ಎರಡೂ ಒಂದೇ ಜಾತಿಯ ವಸ್ತುಗಳಾಗುವುದಿಲ್ಲ. ಹೊಗೆ ಬಿಳಿಚಾಗಿದೆ ಎಂದು, ಬಿಳಿಚಾದ ಯಾವುದನ್ನು ಕಂಡರೂ ಬೆಂಕಿಯನ್ನು ಊಹಿಸಿದಂತಾಯಿತು ಅದು. ಮನುಷ್ಯ ಮಾಡಿದ್ದೆಂದು ನೋಡಿದೊಡನೆ ಗುರುತಿಸಬಲ್ಲ ರಚನೆಗಳಿಗೂ, ಬೆಟ್ಟ ಹುಲ್ಲು ಮೋಡಗಳಿಗೂ 'ಕಾರ್ಯ' ಎಂಬ ಒಂದೇ ಚೀಟಿ ಅಂಟಿಸಿ ನೈಯಾಯಿಕ ದೇವರನ್ನು ಪಡೆದಿದ್ದಾನೆ ಎಂಬುದು ಆರೋಪ. ಚೀಟಿ ಅಂಟಿಸುವುದೇ ವರ್ಗೀಕರಣ. ದೋಷ ತೀರ್ಮಾನದಲ್ಲಿಲ್ಲ, ವಿಂಗಡಣೆಯಲ್ಲೇ ಇದೆ.

ಅದೇ ಶತಮಾನದ ಕುಮಾರಿಲ ಭಟ್ಟ ಬೌದ್ಧರ ಕಡುವೈರಿ. ಆದರೆ ಸೃಷ್ಟಿಕರ್ತನ ವಿಷಯ ಬಂದಾಗ ಅವನೂ ಕೊಡಲಿ ಎತ್ತುತ್ತಾನೆ. ಕುಂಬಾರನಿಗೆ ದೇಹವಿದೆ, ದೇವರಿಗಿದೆಯೇ? ಇದ್ದರೆ ಆ ದೇಹವನ್ನು ಮಾಡಿದವರಾರು? ಕರುಣೆಯಿಂದ ಸೃಷ್ಟಿಸಿದನೆಂದರೆ, ಸೃಷ್ಟಿಗೆ ಮುಂಚೆ ಕರುಣೆ ತೋರಲು ಯಾರಿದ್ದರು? ಕರುಣೆಯೇ ಕಾರಣವಾದರೆ ಸುಖವನ್ನಷ್ಟೇ ಸೃಷ್ಟಿಸಬಾರದಿತ್ತೇ? ಇವು ಇಂದಿನ ಹದಿಹರೆಯದವರೂ ಕೇಳುವ ಪ್ರಶ್ನೆಗಳು. ನನಗೆ ಹೆಚ್ಚು ಇಷ್ಟವಾದದ್ದು ಬೇರೊಂದು. ಸೃಷ್ಟಿಯನ್ನು ತಾನೇ ಮಾಡಿದ್ದಾಗಿ ದೇವರೇ ಬಂದು ಹೇಳಿದ ಎನ್ನೋಣ. ಆಗಲೂ ನಿಶ್ಚಯವಿಲ್ಲ ಎನ್ನುತ್ತಾನೆ ಕುಮಾರಿಲ: ತನ್ನ ದೊಡ್ಡಸ್ತಿಕೆ ತೋರಿಸಲು, ಮಾಡದಿದ್ದರೂ ಮಾಡಿದೆನೆಂದು ಹೇಳಿರಬಹುದಲ್ಲ! ವೇದವನ್ನು ಪ್ರಾಣಕ್ಕಿಂತ ಹೆಚ್ಚಾಗಿ ನೆಚ್ಚಿದವನ ಮಾತಿದು ಎಂಬುದನ್ನು ಮರೆಯಬಾರದು.

ಕನ್ನಡ ನಾಡಿನ ಪಾಲು ಇಲ್ಲಿಂದ ತೊಡಗುತ್ತದೆ. 9ನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುವೆನಿಸಿದ್ದ ಜಿನಸೇನ ಸಂಸ್ಕೃತದಲ್ಲಿ 'ಆದಿಪುರಾಣ' ಬರೆದ. ಅದರ ನಾಲ್ಕನೆಯ ಪರ್ವದಲ್ಲಿ, ಕತೆಯ ನಡುವೆ, ಸೃಷ್ಟಿಕರ್ತನ ವಾದವನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಾನೆ. ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಆ ಸಾಮಗ್ರಿಯನ್ನೂ ಅವನೇ ಮಾಡಿದ್ದಾದರೆ ಅದಕ್ಕೆ ಇನ್ನೊಂದು ಸಾಮಗ್ರಿ ಬೇಕು, ಕೊನೆಯಿಲ್ಲ. ಸಾಮಗ್ರಿ ತಾನಾಗಿಯೇ ಇತ್ತೆಂದರೆ, ಜಗತ್ತೂ ತಾನಾಗಿಯೇ ಇದೆ ಎನ್ನಲು ಏನು ಅಡ್ಡಿ? ಅವನು ಕೃತಕೃತ್ಯನಾಗಿದ್ದರೆ ಸೃಷ್ಟಿಸುವ ಆಸೆ ಏಕೆ ಬರಬೇಕು, ಅಲ್ಲದಿದ್ದರೆ ಕುಂಬಾರನಂತೆ ಅವನಿಗೂ ಅದು ಕೈಲಾಗದ ಕೆಲಸ. ಈ ಭಾಗದ ಇಂಗ್ಲಿಷ್ ಅನುವಾದವನ್ನು ಕಾರ್ಲ್ ಸೇಗನ್ 1980ರಲ್ಲಿ ಬಂದ ತಮ್ಮ 'ಕಾಸ್ಮಾಸ್' ಪುಸ್ತಕದಲ್ಲಿ ಉದ್ಧರಿಸಿದ್ದರಿಂದ, ಮಳಖೇಡದ ಹೆಸರು ಕೇಳದ ಲಕ್ಷಾಂತರ ಓದುಗರಿಗೂ ಜಿನಸೇನ ತಲುಪಿದ. ನಮ್ಮ ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆಯುವಾಗ ಎದುರಿಗಿದ್ದದ್ದು ಇದೇ ಗ್ರಂಥ. ಅದೇ 9ನೆಯ ಶತಮಾನದ, ಗಂಗರ ನಾಡಿನವನೆಂದು ವಿದ್ವಾಂಸರು ಗುರುತಿಸುವ ವಿದ್ಯಾನಂದ 'ಆಪ್ತಪರೀಕ್ಷಾ' ಎಂಬ ಗ್ರಂಥವನ್ನೇ ರಚಿಸಿದ. ನಂಬಿಕೆಗೆ ಅರ್ಹನಾದ ಆಪ್ತ ಯಾರು ಎಂದು ಈಶ್ವರ, ಕಪಿಲ, ಬುದ್ಧ, ಬ್ರಹ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸುವ ಗ್ರಂಥವದು. ಉತ್ತೀರ್ಣನಾಗುವವನು ಅರ್ಹಂತ ಎಂಬುದು ಊಹಿಸಬಹುದಾದದ್ದೇ. ಈಶ್ವರನ ಮೇಲಿನ ಪ್ರಶ್ನೆಪತ್ರಿಕೆಯೇ ಎಲ್ಲಕ್ಕಿಂತ ಉದ್ದ.

ಇಷ್ಟು ಏಟು ಬಿದ್ದ ಮೇಲೆ ನೈಯಾಯಿಕರ ಪಾಳೆಯದಲ್ಲಿ ಎದ್ದು ನಿಂತವನು ಉದಯನ. ಮಿಥಿಲೆಯವನು, 10ನೆಯ ಶತಮಾನದ ಕೊನೆಗೂ 11ನೆಯದರ ಆರಂಭಕ್ಕೂ ಸೇರಿದವನು. ಅವನ 'ನ್ಯಾಯಕುಸುಮಾಂಜಲಿ' ದೇವರ ಇರವನ್ನು ಸಾಧಿಸಲೆಂದೇ ಬರೆದ ಗ್ರಂಥಗಳಲ್ಲಿ ಭಾರತಕ್ಕೆಲ್ಲ ದೊಡ್ಡದು. ಅವನ ಬಗ್ಗೆ ಪಂಡಿತರು ಹೇಳುವ ಕತೆಯೊಂದಿದೆ. ಪುರಿಗೆ ಹೋದಾಗ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿತ್ತಂತೆ. ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತಿದ್ದೀಯೆ, ನಾಳೆ ಬೌದ್ಧರು ಬಂದಾಗ ನಿನ್ನ ಇರವು ನನ್ನ ಕೈಯಲ್ಲಿದೆ ಎಂದು ಉದಯನ ದೇವರನ್ನೇ ಗದರಿದನಂತೆ. ನಡೆದದ್ದೋ ಕಟ್ಟಿದ್ದೋ, ಕತೆ ಕಟ್ಟಿದವರಿಗೆ ಉದಯನ ಚೆನ್ನಾಗಿ ಗೊತ್ತಿದ್ದ. ದೇವರು ತಾರ್ಕಿಕನಿಗೆ ಋಣಿಯಾದ ಆ ಸ್ಥಿತಿಯ ಅಪಾಯವೂ ಹೆಮ್ಮೆಯೂ ಎರಡೂ ಅದರಲ್ಲಿವೆ.

ಗ್ರಂಥ ತೆರೆದರೆ ಆಶ್ಚರ್ಯ ಕಾದಿದೆ. ಈಶ್ವರನ ವಿಷಯದಲ್ಲಿ ಸಂದೇಹವಾದರೂ ಎಲ್ಲಿದೆ, ಪ್ರತಿಯೊಬ್ಬರೂ ಅವನನ್ನೇ ಒಂದಲ್ಲ ಒಂದು ಹೆಸರಿನಿಂದ ಪೂಜಿಸುತ್ತಿದ್ದಾರಲ್ಲ ಎಂದು ಉದಯನ ಆರಂಭಿಸುತ್ತಾನೆ. ಬೌದ್ಧರಿಗೆ ಅವನು ಸರ್ವಜ್ಞ, ದಿಗಂಬರರಿಗೆ ಆವರಣವಿಲ್ಲದವನು, ಚಾರ್ವಾಕರಿಗೆ ಲೋಕವ್ಯವಹಾರದಲ್ಲಿ ಸಿದ್ಧನಾದವನು. ಕಡೆಗೆ ಬಡಗಿ ಕಮ್ಮಾರರೂ ಅವನನ್ನೇ ವಿಶ್ವಕರ್ಮನೆಂದು ಪೂಜಿಸುತ್ತಾರೆ. ಹಾಗಾದರೆ ಈ ವಿಚಾರಣೆ ಏಕೆ? ಅದು ಮನನ, ಉಪಾಸನೆಯ ಒಂದು ರೂಪ ಎನ್ನುತ್ತಾನೆ. ತರ್ಕವೇ ಅವನ ಪೂಜೆ. ಹೆಸರೇ ಹೇಳುವಂತೆ ನ್ಯಾಯದ ಹೂಗಳ ಬೊಗಸೆ.

ಪೂಜೆಯೆಂದು ಕೈ ಸಡಿಲಿಸುವವನಲ್ಲ ಅವನು. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುವ ಚಾರ್ವಾಕನಿಗೆ ಅವನ ಉತ್ತರ ಈಗಲೂ ನಗೆ ತರಿಸುತ್ತದೆ. ಕಾಣದ್ದೆಲ್ಲ ಇಲ್ಲವೆಂದಾದರೆ, ಮನೆಯಿಂದ ಹೊರಗೆ ಕಾಲಿಟ್ಟ ಚಾರ್ವಾಕ ಹೆಂಡತಿ ಮಕ್ಕಳು ಕಾಣದಾದರೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ, ಮತ್ತೆ ಮನೆಗೆ ಮರಳುವಂತಿಲ್ಲ. ಕಾಣಬಲ್ಲ ವಸ್ತು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧ. ಮೇಜಿನ ಮೇಲೆ ಆನೆ ಇಲ್ಲವೆಂದು ಧೈರ್ಯವಾಗಿ ಹೇಳಬಹುದು; ಪರಮಾಣು ಇಲ್ಲವೆಂದು ಹೇಳಲಾಗದು. ದೇವರು ಆನೆಯ ಸಾಲಿಗೆ ಸೇರಿದವನೋ ಪರಮಾಣುವಿನ ಸಾಲಿಗೋ? ಮತ್ತೆ ವರ್ಗೀಕರಣದ ಪ್ರಶ್ನೆಯೇ. ಈ ಒಂದು ಹಂತದಲ್ಲಿ ಉದಯನ ಗೆದ್ದನೆಂದೇ ನನ್ನ ತೀರ್ಮಾನ. ಕಾಣುವುದಿಲ್ಲ ಎಂಬ ಕಾರಣದಿಂದ ದೇವರನ್ನು ತಳ್ಳಿಹಾಕುವವರು ಇವತ್ತಿಗೂ ಈ ಪುಟ ದಾಟಿ ಹೋಗಬೇಕು.

ಕೊನೆಯ ಸ್ತಬಕದಲ್ಲಿ ಅವನು ಸಾಲು ಸಾಲಾಗಿ ಕೊಡುವ ಪುರಾವೆಗಳೆಲ್ಲ ಅಷ್ಟು ಬಲವಾದವಲ್ಲ. ಆದರೆ ಎಣಿಕೆಯಿಂದ ತೆಗೆದ ಪುರಾವೆಯಂಥದ್ದು ಬೇರೆ ಎಲ್ಲೂ ನಾನು ಕಂಡಿಲ್ಲ. ವೈಶೇಷಿಕರ ಪ್ರಕಾರ ಎರಡು ಪರಮಾಣು ಸೇರಿ ದ್ವ್ಯಣುಕವಾಗುತ್ತದೆ. ಅದರ ಗಾತ್ರ ಎಲ್ಲಿಂದ ಬಂತು? ಪರಮಾಣುವಿನ ಗಾತ್ರದಿಂದ ಬರಲಾರದು; ದೊಡ್ಡದರಿಂದ ಇನ್ನೂ ದೊಡ್ಡದು ಹುಟ್ಟುವಂತೆ, ಅತಿ ಸಣ್ಣದರಿಂದ ಇನ್ನೂ ಸಣ್ಣದೇ ಹುಟ್ಟಬೇಕಾಗುತ್ತದೆ. ಆದ್ದರಿಂದ ಅದು ಎರಡು ಎಂಬ ಸಂಖ್ಯೆಯಿಂದ ಬಂತು. ಆದರೆ ಎರಡು ಎಂಬುದು ವಸ್ತುವಿನಲ್ಲಿ ಸುಮ್ಮನೆ ಕೂತಿರುವುದಿಲ್ಲ. 'ಇದೊಂದು, ಇದೊಂದು' ಎಂದು ಯಾರಾದರೂ ಎಣಿಸಿದಾಗ ಹುಟ್ಟುತ್ತದೆ. ಸೃಷ್ಟಿಯ ಮೊದಲಲ್ಲಿ ಜೀವರಿಗೆ ದೇಹವಿಲ್ಲ, ಎಣಿಸುವ ಶಕ್ತಿಯಿಲ್ಲ. ಆಗ ಎಣಿಸಿದವರು ಯಾರು? ದೇವರು. ಜಗತ್ತು ಶುರುವಾಗಲು 'ಒಂದು, ಎರಡು' ಎನ್ನುವ ಒಂದು ಬುದ್ಧಿ ಬೇಕಿತ್ತು. ವೈಶೇಷಿಕರ ಪರಮಾಣುವನ್ನೂ ಸಂಖ್ಯೆಯ ಬಗೆಗಿನ ಅವರ ಕಲ್ಪನೆಯನ್ನೂ ಒಪ್ಪದವನಿಗೆ ಈ ವಾದ ಏನನ್ನೂ ಸಾಧಿಸುವುದಿಲ್ಲ, ನಿಜ. ಆದರೂ ಕೋಷ್ಟಕದ ಒಂದು ಖಾನೆ ತುಂಬಲು ದೇವರನ್ನು ಕರೆದದ್ದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಸಿಗದು.

ನೈಯಾಯಿಕರು ಇಷ್ಟೆಲ್ಲ ಪಾಡು ಪಟ್ಟದ್ದು ಏಕೆ? ವೇದದಲ್ಲಿ ದೇವರ ಮಾತಿದೆ ಎಂದು ಹೇಳಿ ಮುಗಿಸಬಹುದಿತ್ತಲ್ಲ? ಅವರು ಹಾಗೆ ಮುಗಿಸುವಂತಿರಲಿಲ್ಲ, ಈ ಚರಿತ್ರೆಯ ಗಂಟು ಇರುವುದು ಇಲ್ಲೇ. ಮೀಮಾಂಸಕರಿಗೆ ವೇದವನ್ನು ಯಾರೂ ರಚಿಸಿಲ್ಲ. ಅದು ಅನಾದಿ, ಅಪೌರುಷೇಯ. ಕರ್ತೃವೇ ಇಲ್ಲದ ಮಾತಿನಲ್ಲಿ ಕರ್ತೃವಿನ ದೋಷವೂ ಇಲ್ಲ. ಆದ್ದರಿಂದ ಅದು ಪ್ರಮಾಣ. ಅದಕ್ಕೆ ದೇವರ ಹಂಗಿಲ್ಲ. ನೈಯಾಯಿಕರಿಗೆ ಮಾತು ಎಂದ ಮೇಲೆ ಆಡಿದವನಿರಬೇಕು. ನಂಬತಕ್ಕವನು ಆಡಿದ್ದರಿಂದ ಅದು ಪ್ರಮಾಣ. ವೇದವನ್ನು ಆಡಿದವನು ಈಶ್ವರ. ಈಗ ಈಶ್ವರನಿಗೆ ಸಾಕ್ಷಿಯಾಗಿ ವೇದವನ್ನು, ವೇದಕ್ಕೆ ಸಾಕ್ಷಿಯಾಗಿ ಈಶ್ವರನನ್ನು ಕರೆದರೆ, ಸಾಲ ಕೊಟ್ಟವನೂ ಜಾಮೀನು ನಿಂತವನೂ ಒಬ್ಬನೇ ಆದಂತೆ. ಹೀಗಾಗಿ ದೇವರನ್ನು ವೇದದ ನೆರವಿಲ್ಲದೆ, ಮಡಕೆ ಮೊಳಕೆಗಳಿಂದಲೇ ಸಾಧಿಸಬೇಕಾದ ಇಕ್ಕಟ್ಟಿಗೆ ಅವರು ಸಿಕ್ಕಿಕೊಂಡರು. ದೇವರು ಅವರಿಗೆ ಭಕ್ತಿಯ ಅಗತ್ಯಕ್ಕಿಂತ ಮೊದಲು ಜ್ಞಾನಶಾಸ್ತ್ರದ ಅಗತ್ಯವಾಗಿದ್ದ.

ವೇದಾಂತಿಗಳಿಗೆ ಆ ಇಕ್ಕಟ್ಟಿರಲಿಲ್ಲ. ವೇದ ಅಪೌರುಷೇಯವೆಂಬ ಮಾತನ್ನು ಮೀಮಾಂಸಕರಿಂದ ಪಡೆದು, ಅದರ ಮೇಲೆ ಬ್ರಹ್ಮವನ್ನು ಪ್ರತಿಷ್ಠಾಪಿಸಿದರು. ಬ್ರಹ್ಮಸೂತ್ರದ ಭಾಷ್ಯದಲ್ಲಿ ಶಂಕರರ ವಾದ ಚುಟುಕು: ಬ್ರಹ್ಮ ಇಂದ್ರಿಯಗಳಿಗೆ ಸಿಗುವಂಥದ್ದಾಗಿದ್ದರೆ ಈ ಕಾರ್ಯಕ್ಕೂ ಅದಕ್ಕೂ ಸಂಬಂಧವಿದೆಯೆಂದು ಕಂಡುಕೊಳ್ಳಬಹುದಿತ್ತು. ಕಾಣುತ್ತಿರುವುದು ಕಾರ್ಯ ಮಾತ್ರ. ಅದರ ಇನ್ನೊಂದು ತುದಿ ಬ್ರಹ್ಮಕ್ಕೆ ಕಟ್ಟಿದೆಯೋ ಬೇರೆ ಯಾವುದಕ್ಕೋ ಹೇಗೆ ಹೇಳುವುದು?

ರಾಮಾನುಜರು ಇದನ್ನು ಶ್ರೀಭಾಷ್ಯದಲ್ಲಿ ಇನ್ನೂ ವಿವರವಾಗಿ ಎತ್ತಿಕೊಳ್ಳುತ್ತಾರೆ. ಭೂಮಿ ಸಾಗರಗಳು ಕಾರ್ಯಗಳೇ ಇರಲಿ. ಅವೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆನ್ನುವುದಕ್ಕೆ ಆಧಾರವೇನು? ನಾವು ಕಂಡ ಕಾರ್ಯಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರಿಂದ ಆದವು. ಕುಂಬಾರನನ್ನು ಮಾದರಿಯಾಗಿ ಹಿಡಿದರೆ ಸಿಗುವ ದೇವರಿಗೆ ದೇಹವಿರಬೇಕು. ಅವನ ಅರಿವು, ಶಕ್ತಿ ಎರಡಕ್ಕೂ ಮಿತಿಯಿರಬೇಕು. ಸರ್ವಜ್ಞನನ್ನು ಹುಡುಕಲು ಹೊರಟ ತರ್ಕ ಅಲ್ಪಜ್ಞನನ್ನು ಹಿಡಿದು ತರುತ್ತದೆ. ಸಂಪ್ರದಾಯದ ಪ್ರಕಾರ ರಾಮಾನುಜರು ಹನ್ನೆರಡು ವರ್ಷ ಹೊಯ್ಸಳರ ನಾಡಿನಲ್ಲಿದ್ದು, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪೂಜೆಯನ್ನು ನೆಲೆಗೊಳಿಸಿದವರು. ಅಲ್ಲಿಯ ತೇರನ್ನು ಕಂಡ ಯಾರಿಗಾದರೂ ಅವರ ಮಾತಿನ ಬಿಗಿ ಅರ್ಥವಾದೀತು: ಅಂಥದನ್ನು ಒಬ್ಬನೇ ಕಟ್ಟಿದನೆಂದು ಯಾವ ಬಡಗಿಯೂ ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಸತ್ತ ಮೇಲೆ, 1779ರಲ್ಲಿ, ಪ್ರಕಟವಾದ ಅವನ ಸಂವಾದಗ್ರಂಥದಲ್ಲಿ ಇದೇ ಆಕ್ಷೇಪ ಹಡಗು ಮನೆಗಳನ್ನು ಕಟ್ಟುವ ಬಹುಜನರ ಉದಾಹರಣೆಯೊಂದಿಗೆ ಬರುತ್ತದೆ. ಹ್ಯೂಮನ ಮಾತು ನಂಬಿಕೆಯ ಬುಡಕ್ಕೆ ಏಟು ಎಂದು ಯುರೋಪು ಭಾವಿಸಿತು. ರಾಮಾನುಜರು ಅದನ್ನೇ ಹೇಳಿ ಪೂಜೆಗೆ ಎದ್ದು ಹೋದರು.

ಉಡುಪಿಯ ಮಧ್ವರು (1238–1317) ಇನ್ನೂ ನಿಷ್ಠುರ. 'ವಿಷ್ಣುತತ್ತ್ವನಿರ್ಣಯ'ದಲ್ಲಿ ಅವರು ಅನುಮಾನವನ್ನು ಒಂದೇ ಏಟಿಗೆ ಪಕ್ಕಕ್ಕೆ ಸರಿಸುತ್ತಾರೆ: ಅದೇ ಬಗೆಯ ಊಹೆಯಿಂದ ತದ್ವಿರುದ್ಧವನ್ನೂ ಸಾಧಿಸಬಹುದು. ಕಾರ್ಯವಾದ್ದರಿಂದ ಕರ್ತೃವಿದ್ದಾನೆ ಎಂದು ನೀವೆಂದರೆ, ದೇಹವುಳ್ಳವನಿಂದ ಆಗಿಲ್ಲವಾದ್ದರಿಂದ ಕರ್ತೃವಿಲ್ಲ ಎಂದು ಎದುರಾಳಿ ಅನ್ನಬಲ್ಲ. ಆಗಮದ ಬೆಂಬಲವಿಲ್ಲದ ತರ್ಕ ಲಗಾಮಿಲ್ಲದ ಕುದುರೆ. ದೇವರನ್ನು ತಿಳಿಯಲು ಸದಾಗಮವೊಂದೇ ದಾರಿ. ಮಧ್ವರ ವಿಷ್ಣು ಗುಣಪೂರ್ಣ, ಅವನ ಗುಣಗಳಿಗೆ ಎಣಿಕೆಯಿಲ್ಲ. ಎಂಟಕ್ಕೆ ನಿಲ್ಲುವ ಕೋಷ್ಟಕ ಅವರಿಗೆ ಹೇಗೆ ತಾನೆ ಒಪ್ಪಿಗೆಯಾದೀತು? ತರ್ಕದಿಂದ ಬಂದ ದೇವರು ತರ್ಕ ಕೊಟ್ಟಷ್ಟೇ ದೊಡ್ಡವನು. ಅವರ ಪರಂಪರೆ ತರ್ಕವನ್ನು ಬಿಟ್ಟಿತೆಂದಲ್ಲ. ವಿಜಯನಗರದ ಕಾಲದ ವ್ಯಾಸತೀರ್ಥರು (1460–1539) ನವ್ಯನ್ಯಾಯವನ್ನು ಅರೆದು ಕುಡಿದು, ಅದರ ಪರಿಭಾಷೆಯಲ್ಲೇ ಅದನ್ನು ಎದುರಿಸುವ 'ತರ್ಕತಾಂಡವ' ಬರೆದರು. ಬಳಸುವ ಆಯುಧವೊಂದು, ಪೂಜಿಸುವ ಮೂರ್ತಿ ಇನ್ನೊಂದು.

ಈ ಆಗಮದ ದಾರಿಯಲ್ಲೂ ಒಂದು ತೊಡಕಿದೆ ಎನ್ನದಿದ್ದರೆ ನೈಯಾಯಿಕರಿಗೆ ಅನ್ಯಾಯವಾದೀತು. ವೇದವನ್ನು ಒಪ್ಪದ ಧರ್ಮಕೀರ್ತಿಯ ಎದುರಿಗೆ, ಜಿನಸೇನನ ಎದುರಿಗೆ ಮಧ್ವರ ಉತ್ತರ ಉತ್ತರವೇ ಅಲ್ಲ. ಎಲ್ಲರೂ ಒಪ್ಪುವ ಒಂದು ನೆಲದ ಮೇಲೆ ನಿಂತು ಮಾತಾಡಬೇಕೆಂದು ಹಟ ಹಿಡಿದವನು ಉದಯನ. ಅವನ ಮಡಕೆ ಒಡೆದಿರಬಹುದು. ಆದರೆ ಅದನ್ನು ಸಂತೆಯಲ್ಲಿಟ್ಟು, ಯಾರು ಬೇಕಾದರೂ ಬೆರಳಿನಿಂದ ಬಡಿದು ನೋಡಲಿ ಎಂದ ಧೈರ್ಯ ದೊಡ್ಡದು.

ಮಧ್ವರ ಸಮಕಾಲೀನರಾದ ಪಶ್ಚಿಮದ ಥಾಮಸ್ ಅಕ್ವಿನಾಸ್ (1225–1274) ಇವೆರಡರ ನಡುವಿನ ಬೇರೊಂದು ದಾರಿ ಹಿಡಿದರು. ದೇವರು ಯಾವ ವರ್ಗದೊಳಗೂ ಸೇರುವುದಿಲ್ಲ, ಅರಿಸ್ಟಾಟಲನ ದ್ರವ್ಯವೆಂಬ ವರ್ಗದೊಳಗೂ ಸೇರುವುದಿಲ್ಲ ಎಂದ ಅವರೇ, ದೇವರಿದ್ದಾನೆಂದು ಐದು ಬಗೆಯಲ್ಲಿ ಸಾಧಿಸಬಹುದು ಎಂದರು. ಸಾಧಿಸಬಹುದು, ವಿಂಗಡಿಸಲಾಗದು. ನೈಯಾಯಿಕರಿಗೆ ಈ ನಿಲುವು ಅರ್ಥವೇ ಆಗುತ್ತಿರಲಿಲ್ಲವೇನೋ. ಸಾಧಿಸಿದ ವಸ್ತು ಏಳು ಪದಾರ್ಥಗಳಲ್ಲಿ ಯಾವುದು ಎಂದು ಕೇಳದೆ ಅವರು ಬಿಡುತ್ತಿರಲಿಲ್ಲ.

ವಿಂಗಡಣೆಯ ಈ ಚಟ ಮುಂದೆ ಅವರನ್ನೇ ಕಾಡಿತು. 17ನೆಯ ಶತಮಾನದ ವಿಶ್ವನಾಥನ 'ನ್ಯಾಯಸಿದ್ಧಾಂತ ಮುಕ್ತಾವಳಿ'ಯಲ್ಲಿ ಒಂದು ಸಣ್ಣ ಚರ್ಚೆ ಬರುತ್ತದೆ. ಆತ್ಮತ್ವ ಎಂಬ ಜಾತಿ ಉಂಟೆಂದು ನಾವು ತಿಳಿದದ್ದು ಸುಖದುಃಖಗಳಿಂದ. ಸುಖದುಃಖ ಯಾವುದರಲ್ಲಿ ಹುಟ್ಟಬಲ್ಲದೋ ಅದು ಆತ್ಮ. ದೇವರಿಗೆ ಸುಖದುಃಖಗಳಿಲ್ಲ. ಹಾಗಾದರೆ ಅವನಲ್ಲಿ ಆತ್ಮತ್ವ ಇದೆಯೇ? ಇದೆ, ಆದರೆ ಪುಣ್ಯಪಾಪಗಳೆಂಬ ಕಾರಣವಿಲ್ಲದ್ದರಿಂದ ಸುಖದುಃಖ ಹುಟ್ಟುವುದಿಲ್ಲ ಎನ್ನುವುದು ಒಂದು ಪಕ್ಷ. ಇಲ್ಲವೇ ಇಲ್ಲ, ಇದೆಯೆನ್ನಲು ಪ್ರಮಾಣವಿಲ್ಲ ಎನ್ನುವುದು ಇನ್ನೊಂದು. ಇಲ್ಲವೆಂದರೆ ಅವನು ಆತ್ಮದ ಪೆಟ್ಟಿಗೆಯಿಂದ ಹೊರಬಿದ್ದು ಹತ್ತನೆಯ ದ್ರವ್ಯವಾಗುವುದಿಲ್ಲವೇ ಎಂಬ ಗಾಬರಿ! ಇಲ್ಲ, ಪೆಟ್ಟಿಗೆಯ ಮೇಲಿನ ಹೆಸರನ್ನು 'ಜ್ಞಾನವುಳ್ಳದ್ದು' ಎಂದು ಓದಿಕೊಂಡರಾಯಿತು ಎಂಬುದು ಸಮಾಧಾನ. ದೇವರನ್ನು ಒಳಗೆ ಉಳಿಸಿಕೊಳ್ಳಲು ಪೆಟ್ಟಿಗೆಯ ಚೀಟಿಯನ್ನೇ ಬದಲಿಸಿದರು.

ಅದಕ್ಕೂ ಮುಂಚೆಯೇ, ಸುಮಾರು 1500ರ ಹೊತ್ತಿಗೆ, ನವದ್ವೀಪದ ರಘುನಾಥ ಶಿರೋಮಣಿ ಇದಕ್ಕಿಂತ ದೊಡ್ಡ ಧೈರ್ಯ ಮಾಡಿದ್ದ. ಕಾಲ ಮತ್ತು ದಿಕ್ಕು ಎಂಬ ದ್ರವ್ಯಗಳು ಬೇರೆಯಾಗಿ ಬೇಕಿಲ್ಲ, ಅವು ಈಶ್ವರನಿಗಿಂತ ಭಿನ್ನವಲ್ಲ ಎಂದುಬಿಟ್ಟ. ಒಂಬತ್ತು ಪೆಟ್ಟಿಗೆಗಳಲ್ಲಿ ಎರಡನ್ನು ಒಡೆದು ದೇವರೊಳಗೆ ಸುರಿದಂತಾಯಿತು. ಕೋಷ್ಟಕದೊಳಗೆ ದೇವರನ್ನು ಕೂರಿಸಲು ಹೊರಟವರಲ್ಲೇ ಒಬ್ಬ ಕೋಷ್ಟಕವನ್ನು ದೇವರೊಳಗೆ ಕೂರಿಸತೊಡಗಿದ್ದ.

ಇನ್ನು ಬೌದ್ಧರ ಕತೆ. ಉದಯನನ ಕಾಲಕ್ಕೆ ಹತ್ತಿರದಲ್ಲೇ, 11ನೆಯ ಶತಮಾನದಲ್ಲಿ, ವಿಕ್ರಮಶೀಲದ ವಿಹಾರದಲ್ಲಿದ್ದ ರತ್ನಕೀರ್ತಿ 'ಈಶ್ವರಸಾಧನದೂಷಣ' ಎಂಬ ಪ್ರಬಂಧ ಬರೆದ. ವಾಚಸ್ಪತಿ ಮಿಶ್ರನಂಥ ಹಿಂದಿನ ನೈಯಾಯಿಕರ ವಾದಗಳನ್ನು ನಿಷ್ಠೆಯಿಂದ ಎತ್ತಿ ಹೇಳಿ, ಒಂದೊಂದಾಗಿ ಕೆಡಹುವ ಗ್ರಂಥವದು. ಕಾರ್ಯಕ್ಕೂ ಕರ್ತೃವಿಗೂ ನಡುವಿನ ಆ ಕಟ್ಟನ್ನು ನೀವು ಎಂದು, ಎಲ್ಲಿ ಕಂಡಿರಿ ಎಂಬ ಒಂದೇ ಪ್ರಶ್ನೆಯನ್ನು ಅವನು ಬಿಡದೆ ಹಿಂಬಾಲಿಸುತ್ತಾನೆ. ಸುಮಾರು 1200ರ ಹೊತ್ತಿಗೆ ವಿಕ್ರಮಶೀಲ ನಾಶವಾಯಿತು. ಪ್ರಶ್ನೆ ಕೇಳುವವರು ಗಂಗಾ ಬಯಲಿನಲ್ಲಿ ಉಳಿಯಲಿಲ್ಲ. ಮುಂದಿನ ನೈಯಾಯಿಕರು ಈಶ್ವರಾನುಮಾನವನ್ನು ಇನ್ನಷ್ಟು ಹರಿತಗೊಳಿಸಿದರು; ಎದುರಿಗೆ ನಿಲ್ಲುತ್ತಿದ್ದ ಬೌದ್ಧ ಮಾತ್ರ ಪುಸ್ತಕದ ಪೂರ್ವಪಕ್ಷವಾಗಿ ಉಳಿದಿದ್ದ.

ಕುಸುಮಾಂಜಲಿಯ ಕೊನೆಯಲ್ಲಿ ಉದಯನ ಒಂದು ಪ್ರಾರ್ಥನೆ ಮಾಡುತ್ತಾನೆ. ಇಷ್ಟೆಲ್ಲ ಹೇಳಿದರೂ ಕರಗದ ಕಲ್ಲೆದೆಯವರಿದ್ದಾರೆ. ಆದರೆ ವಿರೋಧಿಸುವ ನೆಪದಲ್ಲಾದರೂ ಅವರು ನಿನ್ನನ್ನೇ ಎಡೆಬಿಡದೆ ಚಿಂತಿಸಿದ್ದಾರೆ. ಕಾಲ ಬಂದಾಗ ಅವರನ್ನೂ ಕರುಣೆಯಿಂದ ದಾಟಿಸು ಎಂದು.

1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠಗಳನ್ನು ಅಲೆದು ತಾಳೆಗರಿಗಳನ್ನು ಹುಡುಕಿದಾಗ ಸಿಕ್ಕವುಗಳಲ್ಲಿ ರತ್ನಕೀರ್ತಿಯ ಪ್ರಬಂಧಗಳೂ ಇದ್ದವು. 1957ರಲ್ಲಿ ಅವು ಪಾಟ್ನಾದಲ್ಲಿ, ಉದಯನನ ಮಿಥಿಲೆಯ ನೆರೆಯಲ್ಲೇ, ಅಚ್ಚಾದವು. ಸಂಪಾದಿಸಿದವರು ಅನಂತಲಾಲ ಠಾಕೂರ್. ಹತ್ತು ವರ್ಷಗಳ ನಂತರ, 1967ರಲ್ಲಿ, ಉದಯನನ 'ಪರಿಶುದ್ಧಿ'ಯನ್ನು ಸಂಪಾದಿಸಿ ಹೊರತಂದವರೂ ಅವರೇ.